ದಪ್ಪ ಕಾಗದ ಮತ್ತು ಡಬ್ಬಿ ತಂದ ಅಕ್ಕ

ನಾವು ಮಾತು ಶುರು ಮಾಡಿದರೆ ಸಾಕು, ಬಾಯಿ ಹಾಕಿ ತಾವೇ ಅದನ್ನು ಮುಗಿಸಿಬಿಡುವ ಜನ ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ನಮ್ಮ ಮನೆಯಲ್ಲಿ ಅದು ನಮ್ಮವರ ಪಾಲಿಗೆ ಬಂದಿತ್ತು. ‘ಪೇಟೆಗೆ ಹೋದಾಗ...’ ಎಂದು ನಾನು ಬಾಯಿ ತೆರೆದರೆ ‘ತೆಂಗಿನೆಣ್ಣೆ ತರ್ತೆ, ಆತು’ ಎಂದು ಅವರು ಮುಗಿಸುತ್ತಿದ್ದರು. ನನಗೆ ಬೇಕಾಗಿದ್ದದ್ದು ಸೂಜಿ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ನಮ್ಮಲ್ಲಿ ತೆಂಗಿನೆಣ್ಣೆಗೆ ಯಾವತ್ತೂ ಕೊರತೆಯಾಗಲಿಲ್ಲ. ಸೂಜಿಯನ್ನು ಮಾತ್ರ ಪಕ್ಕದ ಮನೆಯಿಂದ ತಂದು ಹೊಲಿದೆ. ಅವರು ತೀರಿಹೋಗಿ ಈಗ ಐದು ತಿಂಗಳಾಯಿತು. ನನ್ನ ಮಾತನ್ನು ನಾನೇ ಮುಗಿಸಬೇಕು. ಅಭ್ಯಾಸವಿಲ್ಲದ್ದರಿಂದ ಎಷ್ಟೋ ಮಾತುಗಳು ಅರ್ಧಕ್ಕೇ ನಿಂತುಹೋಗುತ್ತವೆ. ಅಂಗಡಿಯಲ್ಲಿ ಮಾತ್ರ ಹಾಗಲ್ಲ. ಅಲ್ಲಿ ಅವರ ಕಂಪ್ಯೂಟರ್ ಇದೆ, ಮತ್ತು ಅದು ಅವರದೇ ಶಿಷ್ಯ.

ಹೊನ್ನಾವರದ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ನಮ್ಮದೊಂದು ಸಣ್ಣ ಮುದ್ರಣದ ಅಂಗಡಿ. ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಹೀಗೆ ಮನುಷ್ಯನಿಗೆ ನಾಲ್ಕು ಜನರನ್ನು ಕರೆಯಬೇಕು ಅನ್ನಿಸುವ ಎಲ್ಲ ಸಂದರ್ಭದ ಪತ್ರಿಕೆಗಳೂ ನಮ್ಮಲ್ಲಿ ಆಗುತ್ತವೆ. ನಮ್ಮವರು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಪಿಯುಸಿ ಪಾಸಾದ ನಾನು ಹಿಂದಿನ ಮೇಜಿನಲ್ಲಿ ಕತ್ತರಿಸುವುದು, ಮಡಚುವುದು, ಲಕೋಟೆಗೆ ತುಂಬುವುದು ಮಾಡುತ್ತಿದ್ದೆ. ಕಂಪ್ಯೂಟರಿಗೆ ವಿದ್ಯೆ ತುಂಬಿದವರು ಭಟ್ಕಳದ ಇಸ್ಮಾಯಿಲ್ ಭಾಯಿ. ಬಹಳ ವರ್ಷ ದುಬೈಯಲ್ಲಿ ಕಂಪ್ಯೂಟರ್ ನೋಡಿಕೊಂಡು ಊರಿಗೆ ಮರಳಿದವರು, ನಮ್ಮವರ ಸ್ನೇಹಿತರು. ಅವರು ಹಾಕಿಕೊಟ್ಟ ವ್ಯವಸ್ಥೆಯಲ್ಲಿ ಒಂದು ಕಪ್ಪು ಕಿಟಕಿ. ಅಲ್ಲಿ ಚಿತ್ರವಿಲ್ಲ, ಬಾಣವಿಲ್ಲ. ಆಜ್ಞೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅದು ಮಾಡುತ್ತದೆ. ನಮ್ಮವರು ಅದರಲ್ಲಿ ‘ಅಚ್ಚು’ ಎಂಬ ಒಂದು ಆಜ್ಞೆಯನ್ನು ತಾವೇ ಮಾಡಿಟ್ಟಿದ್ದರು. ಅಚ್ಚು ಎಂದು ಬರೆದು ಮುಂದೆ ಕಾಗದದ ಹೆಸರು ಕೊಟ್ಟರೆ ‘ಯಾರದ್ದು?’ ಎಂದು ಕೇಳುತ್ತದೆ. ಕಾಗದದ ಬದಲು ನೇರವಾಗಿ ಫೈಲಿನ ಹೆಸರನ್ನೇ ಕೊಟ್ಟರೆ ಏನೂ ಕೇಳದೆ ಅದನ್ನು ಮುದ್ರಿಸಿಬಿಡುತ್ತದೆ. ಹೆಸರನ್ನು ಪೂರ್ತಿ ಬರೆಯುವ ತೊಂದರೆಯೂ ಇಲ್ಲ. ಮೊದಲ ಅಕ್ಷರ ಒತ್ತಿ, ಪಕ್ಕದ ಟ್ಯಾಬ್ ಕೀಲಿ ತಟ್ಟಿದರೆ ಉಳಿದದ್ದನ್ನು ಅದೇ ತುಂಬುತ್ತದೆ. ಯಾರ ಶಿಷ್ಯ ಎಂದು ಬೇರೆ ಹೇಳಬೇಕೆ?

ಇಲ್ಲಿ ನಮ್ಮ ಮನೆಯ ಒಂದು ಹಳೆಯ ಜಗಳವನ್ನು ಹೇಳಬೇಕು. ಮದುವೆ ಪತ್ರಿಕೆಗೆ ಬಳಸುವ ಒಳ್ಳೆಯ ಕಾಗದವನ್ನು ನಮ್ಮವರು ‘ಗಟ್ಟಿ’ ಎನ್ನುತ್ತಿದ್ದರು. ನಾನು ‘ದಪ್ಪ’ ಎನ್ನುತ್ತಿದ್ದೆ. ಕಾಗದ ಗಟ್ಟಿ ಇರಲು ಅದೇನು ಹಲಸಿನ ಹಲಗೆಯೇ ಎಂದು ನಾನು. ದಪ್ಪ ಇರಲು ಅದೇನು ನಿನ್ನ ಅಣ್ಣನೇ ಎಂದು ಅವರು. ಮೂವತ್ತು ವರ್ಷಕ್ಕೆ ಒಂದು ಕಡಿಮೆ, ಇಬ್ಬರೂ ಬಿಟ್ಟುಕೊಡಲಿಲ್ಲ. ಕಂಪ್ಯೂಟರಿಗೆ ಅವರು ಕಲಿಸಿದ ಕಾಗದದ ಪಟ್ಟಿಯಲ್ಲಿ ಗಟ್ಟಿ, ತೆಳು, ಹೊಳಪು ಎಂದಷ್ಟೇ ಇತ್ತು. ಅವರು ಹೋದ ಮೇಲೆ ಆ ಕುರ್ಚಿಯಲ್ಲಿ ಕೂತವಳು ನಾನು, ಬೆರಳು ನನ್ನದು, ಅದು ಹೋಗಿ ಒತ್ತುವುದು ‘ದ’ಕ್ಕೆ ಬೇಕಾದ ಇಂಗ್ಲಿಷಿನ ಡಿ ಅಕ್ಷರವನ್ನು. ಟ್ಯಾಬ್ ತಟ್ಟಿದರೆ ಕಂಪ್ಯೂಟರ್ ತನ್ನ ಪಟ್ಟಿಯಲ್ಲಿ ದಪ್ಪವನ್ನು ಹುಡುಕಿ, ಸಿಗದೆ, ಸುಮ್ಮನಿರಲಾರದೆ, ಆ ಅಕ್ಷರದಿಂದ ಶುರುವಾಗುವ ಒಂದು ಫೈಲನ್ನು ತಂದು ನಿಲ್ಲಿಸುತ್ತಿತ್ತು: ‘ಡಬ್ಬಿ ತಂದ ಅಕ್ಕ’.

ನಮ್ಮವರಿಗೆ ಗಿರಾಕಿಗಳ ಹೆಸರು ನೆನಪಿರುತ್ತಿರಲಿಲ್ಲ. ಅದಕ್ಕೆ ಫೈಲುಗಳಿಗೆಲ್ಲ ಅವರು ಬೇರೆಯೇ ನಾಮಕರಣ ಮಾಡುತ್ತಿದ್ದರು. ‘ಛತ್ರಿ ಮರೆತವರು’, ‘ಮೂರು ಸಲ ತಿದ್ದಿದ ಮಾಸ್ತರು’, ‘ಮಾತಾಡದ ಬೀಗರು’. ಡಬ್ಬಿ ತಂದ ಅಕ್ಕ ಸಂತೆಗುಳಿಯವರು. ತೀರಿಹೋದ ಅತ್ತೆಯ ಸಮಾರಾಧನೆಯ ಪತ್ರಿಕೆ ಮಾಡಿಸಲು ಬಂದವರು, ಅಷ್ಟು ದುಃಖದಲ್ಲೂ ಒಂದು ಡಬ್ಬಿ ಜೋನಿ ಬೆಲ್ಲ ತಂದುಕೊಟ್ಟು, ‘ಡಬ್ಬಿ ನಿಧಾನಕ್ಕೆ ಕೊಟ್ರೂ ಅಡ್ಡಿಲ್ಲೆ’ ಎಂದು ಹೋಗಿದ್ದರು. ನಾಳೆ ಕಳಿಸುವಾ ಎಂದರು ನಮ್ಮವರು. ಆ ಡಬ್ಬಿಯಲ್ಲಿ ಈಗಲೂ ನಮ್ಮ ಪೆನ್ನುಗಳಿವೆ. ಹೀಗೆ ಐದು ತಿಂಗಳು ನಾನು ದಿನಕ್ಕೆ ಹತ್ತು ಸಲ ಆ ಅಕ್ಕನನ್ನು ಕರೆದು, ಹತ್ತು ಸಲ ಅಳಿಸಿ ಕಳಿಸಿದ್ದೇನೆ. ಮೊದಲು ಕೀಲಿಯದ್ದೇ ದೋಷ ಎಂದು ಸ್ಪಿರಿಟ್ ಹಾಕಿ ಹತ್ತಿಯಿಂದ ಒರೆಸಿದೆ. ಕೀಲಿ ಫಳಫಳ ಹೊಳೆಯಿತು. ಅಕ್ಕ ಮೊದಲಿಗಿಂತ ಬೇಗ ಬಂದರು. ಗಟ್ಟಿಯ ಜಿ ಒತ್ತಿದರೆ ಎಲ್ಲ ಸರಿಹೋಗುತ್ತಿತ್ತು ಎಂದು ನನಗೂ ಗೊತ್ತಿತ್ತು. ಆದರೆ ಎದುರಾಳಿ ಇಲ್ಲದಾಗ ಸೋಲೊಪ್ಪಿಕೊಳ್ಳುವುದು ಎದುರಿಗಿದ್ದಾಗ ಒಪ್ಪಿಕೊಳ್ಳುವುದಕ್ಕಿಂತ ಕಷ್ಟ.

ಹೋದ ವಾರ ಬೆಳಕೆಯ ಮಂಜಣ್ಣ ಬಂದ. ನಮ್ಮವರ ಹುಟ್ಟೂರೂ ಬೆಳಕೆಯೇ ಆದ್ದರಿಂದ ಅಲ್ಲಿನ ಮೀನಿನ ಬೋಟಿರುವ ಮನೆಗಳ ಪತ್ರಿಕೆಯೆಲ್ಲ ಮೊದಲಿನಿಂದಲೂ ನಮ್ಮಲ್ಲಿಗೇ ಬರುತ್ತದೆ. ನಮ್ಮವರಿಲ್ಲದ ಮೇಲೆ ಆ ಕಡೆಯಿಂದ ಬಂದ ಮೊದಲ ಮದುವೆ ಇವನ ಮಗಳದ್ದು. ಇದು ಚೆನ್ನಾದರೆ ಉಳಿದ ಮನೆಯವರೂ ಬರುತ್ತಾರೆ, ಇಲ್ಲವಾದರೆ ಪಾಪ, ಹೆಂಗಸು, ಒಬ್ಬಳಿಂದ ಆಗುವುದಿಲ್ಲ ಎಂದು ಕುಮಟೆಯ ಅಂಗಡಿಗಳ ಹಾದಿ ಹಿಡಿಯುತ್ತಾರೆ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ಹೆಂಡತಿಯನ್ನು ಸೀರೆ ಅಂಗಡಿಯಲ್ಲಿ ಬಿಟ್ಟು, ಮಾದರಿ ಹಾಳೆ ನೋಡಲು ಒಬ್ಬನೇ ಬಂದಿದ್ದ. ಮದುವೆ ಪತ್ರಿಕೆಯ ಮೊದಲ ಹಾಳೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಎರಡೂ ಕೈಯಲ್ಲಿ ಗಿರಾಕಿಗೆ ಕೊಡುವುದು ನಮ್ಮವರ ಪದ್ಧತಿ. ಅರಿಶಿನದ ಭರಣಿ ಪ್ರಿಂಟರಿನ ಪಕ್ಕದಲ್ಲೇ ಇರುತ್ತದೆ. ನಾನು ಮಂಜಣ್ಣನ ಹತ್ತಿರ ಹುಡುಗನ ಮನೆಯ ಸುದ್ದಿ ಕೇಳುತ್ತಾ ಅಚ್ಚು ಬರೆದು, ಡಿ ಒತ್ತಿ, ಟ್ಯಾಬ್ ತಟ್ಟಿ, ತೆರೆ ನೋಡದೆ ಎಂಟರ್ ಒತ್ತಿಬಿಟ್ಟೆ. ಯಾರದ್ದು ಎಂದು ಅದು ಕೇಳಲಿಲ್ಲ ಎಂಬುದೂ ನನ್ನ ಗಮನಕ್ಕೆ ಬರಲಿಲ್ಲ. ಹಾಳೆ ಬೋರಲಾಗಿ ಬಿತ್ತು. ಖಾಲಿ ಬೆನ್ನಿನ ನಾಲ್ಕು ಮೂಲೆಗೆ ಭಕ್ತಿಯಿಂದ ಅರಿಶಿನ ಹಚ್ಚಿದೆ, ಕಣ್ಣಿಗೊತ್ತಿಕೊಂಡೆ, ಎರಡೂ ಕೈಯಲ್ಲಿ ಕೊಟ್ಟೆ.

ಮಂಜಣ್ಣ ಹಾಳೆ ತಿರುಗಿಸಿದ. ಕಪ್ಪು ಅಂಚು. ನಡುವೆ ಡಬ್ಬಿ ತಂದ ಅಕ್ಕನ ಅತ್ತೆ, ಸಂತೆಗುಳಿಯ ಅಜ್ಜಿಯ ಭಾವಚಿತ್ರ. ಅವನು ಪೂರ್ತಿ ಓದಿದ, ಕೊನೆಯ ಸಾಲಿನ ಊಟದ ಸಮಯದವರೆಗೂ.

“ಅತ್ಗೆ,” ಎಂದ ಮೆಲ್ಲಗೆ, “ಇದ್ರಲ್ಲಿ ಹುಡ್ಗನ ಹೆಸ್ರು ಎಲ್ಲಿ ಅದೆ?”

“ಅದು ಎಂತ ಆತು ಅಂದ್ರೆ...” ಎಂದು ಶುರು ಮಾಡಿದೆ. ಮುಗಿಸಿಕೊಡುವವರು ಇರಲಿಲ್ಲ. ಮಂಜಣ್ಣನೇ ಆ ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಒಳಜೇಬಿಗೆ ಇಟ್ಟ. ನಿಮ್ಮ ಕಸದ ಬುಟ್ಟಿಯಲ್ಲಿ ಹಾಕಿದರೆ ನನ್ನ ಹೆಂಡತಿಯ ಕಣ್ಣಿಗೇ ಬೀಳುತ್ತದೆ ಎಂದ. ಅಜ್ಜಿ ತೊಂಬತ್ತು ದಾಟಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು ಹೋದವಳು, ಆಶೀರ್ವಾದ ಅಂದುಕೊಂಡರಾಯಿತು ಎಂದ. ಬಾಗಿಲಲ್ಲಿ ನಿಂತು ಮಾತ್ರ ಹೇಳಿದ: “ನಂಗೆ ಅಡ್ಡಿಲ್ಲ. ಅವ್ಳು ಹಂಗಲ್ಲ. ನಾಲ್ಕ್ ಗಂಟೆಗೆ ಕರ್ಕಂಡು ಬತ್ತೆ. ಅಷ್ಟ್ರೊಳಗೆ ಆ ಅಜ್ಜಿನ ಒಂದ್ ಬದಿಗೆ ಕೂರ್ಸಿ.”

ಇಸ್ಮಾಯಿಲ್ ಭಾಯಿಗೆ ಫೋನು ಮಾಡಿದೆ. ಅವರು ನಗಲಿಲ್ಲ, ನಗು ತಡೆದುಕೊಂಡದ್ದು ಮಾತ್ರ ಕೇಳಿಸಿತು. ಹಳೆಯ ಫೈಲುಗಳನ್ನೆಲ್ಲ ಬೇರೆ ಕಡೆ ಸರಿಸಿಬಿಡುವುದು ಸುಲಭ ಎಂದರು. ಬೇಡ ಎಂದೆ. ಛತ್ರಿ ಮರೆತವರೂ ಮಾತಾಡದ ಬೀಗರೂ ಅಲ್ಲಿಯೇ ಇರಲಿ. ಆ ಹೆಸರುಗಳನ್ನು ಓದುವಾಗ ನನಗೆ ನಮ್ಮವರ ದನಿಯಲ್ಲೇ ಕೇಳಿಸುತ್ತದೆ. ಆಗಲಿ ಎಂದ ಭಾಯಿ, ಕಪ್ಪು ಕಿಟಕಿಯಲ್ಲಿ ಏನು ಬರೆಯಬೇಕೆಂದು ಒಂದೊಂದೇ ಅಕ್ಷರ ಹೇಳಿದರು. ಅಚ್ಚು ಎಂಬ ಆಜ್ಞೆಗೆ ಟ್ಯಾಬ್ ತಟ್ಟಿದಾಗ ಏನು ಮಾಡಬೇಕೆಂದು ಕಲಿಸಲಾಗಿದೆ ಎಂಬುದನ್ನು ಕಂಪ್ಯೂಟರ್ ಒಂದು ಸಾಲಿನಲ್ಲಿ ತೋರಿಸಿತು. ಓದಿ ಹೇಳಿದೆ. ಕಾಗದದ ಪಟ್ಟಿ ಇತ್ತು, ಅದರ ಹಿಂದೆ ‘ಡಿಫಾಲ್ಟ್’ ಎಂದೊಂದು ಪದ.

“ಅದೇ ಕಳ್ಳ, ಭಾಭಿ,” ಎಂದರು ಭಾಯಿ. “ನೀವು ಕೇಳಿದ್ದು ಪಟ್ಟಿಯಲ್ಲಿ ಇಲ್ದಿದ್ರೆ ಸುಮ್ನೆ ಕೂತ್ಕೊಳ್ಬೇಡ, ಕೈಗೆ ಸಿಕ್ಕಿದ ಫೈಲು ತಂದುಕೊಡು ಅಂತ ಅದ್ರ ಅರ್ಥ. ಆ ಪದ ತೆಗೆದ್ರೆ ಆತು.”

ತೆಗೆಯಬೇಕಾದರೆ ನಮ್ಮವರು ಅಚ್ಚು ಆಜ್ಞೆಯನ್ನು ಬರೆದಿಟ್ಟ ಫೈಲನ್ನು ತೆರೆಯಬೇಕು. ನಾನು ಅದನ್ನು ಯಾವತ್ತೂ ತೆರೆದಿರಲಿಲ್ಲ. ತೆರೆದೆ. ಕಾಗದದ ಪಟ್ಟಿಯ ಸಾಲಿನ ಮೇಲೆ, ಕಂಪ್ಯೂಟರ್ ಓದದ, ಮನುಷ್ಯರು ಓದಲೆಂದು ಬರೆದಿಡುವ ಒಂದು ಸಾಲಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ನಮ್ಮ ಕನ್ನಡ: ‘ಇವಳು ಇದಕ್ಕೆ ದಪ್ಪ ಅಂತಾಳೆ. ಅವಳು ಹೇಳುದೇ ಸರಿ ಕಾಣ್ತದೆ. ನಾಳೆ ದಪ್ಪ ಸೇರಿಸಬೇಕು.’

ಭಾಯಿ ಆಚೆಯಿಂದ ಎರಡು ಸಲ “ಭಾಭಿ?” ಎಂದರು. ಇಪ್ಪತ್ತೊಂಬತ್ತು ವರ್ಷದ ಜಗಳದಲ್ಲಿ ಎದುರಾಳಿ ಸೋಲೊಪ್ಪಿ ಬರೆದುಕೊಟ್ಟಿದ್ದಾರೆ, ಅದನ್ನು ಹಿಡಿದು ಎದುರು ನಿಂತು ಕುಣಿಯೋಣವೆಂದರೆ ಆಸಾಮಿ ಇಲ್ಲ. ಬದುಕಿದ್ದಾಗ ಬಾಯಿಬಿಟ್ಟು ಹೇಳಿದ್ದರೆ ಎರಡು ದಿನ ಅವರಿಗೆ ಬಂಗಡೆ ಸಾರಾದರೂ ಮಾಡಿ ಹಾಕುತ್ತಿದ್ದೆ. ಎಲ್ಲವೂ ನಾಳೆ. ಡಬ್ಬಿ ನಾಳೆ, ದಪ್ಪ ನಾಳೆ, ಎದೆ ನೋವಿಗೆ ಡಾಕ್ಟರು ನಾಳೆ. ಸೆರಗಿನಿಂದ ಮುಖ ಒರೆಸಿಕೊಂಡು, ಭಾಯಿ ಹೇಳಿದಂತೆ ಡಿಫಾಲ್ಟನ್ನು ಅಳಿಸಿದೆ. ದಪ್ಪವನ್ನು ಸೇರಿಸಿದೆ. ಗಟ್ಟಿ ಎಂದರೂ ದಪ್ಪ ಎಂದರೂ ಅದೇ ಕಾಗದ ಎಳೆಯುವಂತೆ ಇನ್ನೊಂದು ಸಾಲನ್ನೂ ಭಾಯಿ ಹೇಳಿ ಬರೆಸಿದರು. ಡಿ ಒತ್ತಿ ಟ್ಯಾಬ್ ತಟ್ಟಿದೆ. ಮತ್ತೆ ಬಂದರು ಡಬ್ಬಿ ತಂದ ಅಕ್ಕ. ಗಂಟೆ ಮೂರು ಮುಕ್ಕಾಲು. ನನಗೆ ಅಳುವೇ ಬಂತು.

“ಕಿಟಕಿ ಒಮ್ಮೆ ಮುಚ್ಚಿ ತೆಗೀರಿ, ಭಾಭಿ. ಅದಕ್ಕೆ ಇನ್ನೂ ಹಳೇದೇ ನೆನಪುಂಟು.”

ಮುಚ್ಚಿ ತೆರೆದೆ. ಈ ಸಲ ಡಿ ಒತ್ತಿ ಟ್ಯಾಬ್ ತಟ್ಟಿದರೆ ದಪ್ಪ ಎಂದಷ್ಟೇ ಬಂತು. ಪಟ್ಟಿಯಲ್ಲಿ ಇಲ್ಲದ ಬೇರೆ ಅಕ್ಷರ ಒತ್ತಿದರೆ ಏನೂ ಬರಲಿಲ್ಲ. ಕಂಪ್ಯೂಟರ್ ಮೊದಲ ಬಾರಿಗೆ ನನ್ನ ಮಾತು ಮುಗಿಯುವವರೆಗೆ ಸುಮ್ಮನೆ ಕಾಯಿತು. ಬೇಕೆಂದು ಹಟ ಹಿಡಿದು ಮಾಡಿಸಿದ ಆ ಮೌನ ನನಗೆ ಅಷ್ಟೇನೂ ಹಿತವಾಗಲಿಲ್ಲ. ಮೇಲಿದ್ದ ನಮ್ಮವರ ಸಾಲನ್ನು ಓದಿ ಹೇಳಿದೆ. ಅದರ ಕೆಲಸ ಮುಗಿಯಿತಲ್ಲ, ಇನ್ನು ಅದನ್ನು ಅಳಿಸಿಬಿಡಿ ಎಂದರು ಭಾಯಿ, ಕೆಲಸದಲ್ಲಿ ಅಚ್ಚುಕಟ್ಟಿನ ಮನುಷ್ಯ. ನಾಳೆ ಅಳಿಸುತ್ತೇನೆ ಎಂದೆ.

ನಾಲ್ಕಕ್ಕೆ ಮಂಜಣ್ಣ ಹೆಂಡತಿಯೊಂದಿಗೆ ಬಂದ. ಹಾಳೆ ಬೋರಲಾಗಿ ಬಿತ್ತು. ಈ ಸಲ ತಿರುಗಿಸಿ, ಹುಡುಗನ ಹೆಸರು, ಹುಡುಗಿಯ ಹೆಸರು ಎರಡನ್ನೂ ನೋಡಿಯೇ ಅರಿಶಿನ ಹಚ್ಚಿದೆ. ಮಂಜಣ್ಣ ತನ್ನ ಒಳಜೇಬಿನ ಮೇಲೆ ಕೈಯಿಟ್ಟುಕೊಂಡು, ಗೋಡೆಯ ಕ್ಯಾಲೆಂಡರನ್ನು ಓದುತ್ತಾ ನಿಂತಿದ್ದ. ಅವನ ಹೆಂಡತಿ ಹಾಳೆಯ ಅಂಚನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡಿದಳು. ಅವಳ ಮುಖ ಅರಳಿತು.

“ಲಾಯ್ಕದೆ ಅಕ್ಕ. ಎಂತ ಕಾಗ್ದ ಇದು?”

ನಾನು ಬಾಯಿ ತೆರೆದೆ. ಗೆದ್ದವಳು ನಾನು, ಬರೆದ ಸಾಕ್ಷಿ ಬೆನ್ನ ಹಿಂದೆ ತೆರೆಯ ಮೇಲೆ ಇತ್ತು.

“ಗಟ್ಟಿ ಕಾಗ್ದ,” ಎಂದೆ.