ಮೂರು ಸಲ ಬರೆಸಿದ ಬೋರ್ಡು

ಶ್ರೀವಲ್ಲಭನ ತಲೆ ಕೆಟ್ಟದ್ದು ಒಂದು ಫೋನಿನಿಂದ. ಹೋಟೆಲುಗಳಿಗೆ ಸಾಮಾನು ಪೂರೈಸುವ ಸಂಸ್ಥೆಯೊಂದು ಅವನ ನಿಂಬೆ ಉಪ್ಪಿನಕಾಯಿಯ ಸುದ್ದಿ ಕೇಳಿ, ಮಧ್ಯಾಹ್ನ ತಮ್ಮ ಅಧಿಕಾರಿ ಇಂಡಿಗೆ ಬರುವುದಾಗಿ ತಿಳಿಸಿತ್ತು. ಕಂಪನಿ ಏನೆಂಬುದು ಬೋರ್ಡಿನ ಮೇಲೆ ಸ್ಪಷ್ಟವಾಗಿರಲಿ ಎಂದೂ ಹೇಳಿತ್ತು. ಈ ಗುತ್ತಿಗೆ ಸಿಕ್ಕರೆ ಕಂಪನಿ ಉಳಿಯುತ್ತಿತ್ತು. ತಪ್ಪಿದರೆ ತಿಂಗಳ ಕೊನೆಗೆ ಬಾಗಿಲು ಮುಚ್ಚಬೇಕಿತ್ತು. ಕಂಪನಿ ಎಂದರೆ ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡು, ಹನ್ನೆರಡು ಭರಣಿ, ಅವನ ಅವ್ವನ ತಂಗಿ ಮಾವಶಿ ರಂಗೂಬಾಯಿಯ ಕೈರುಚಿ ಮತ್ತು ಅವಳ ಕೈಕೆಳಗೆ ನಿಂಬೆ ಹೆಚ್ಚುವ ನಜಮಾ ಮೊದಲಾದ ಮೂವರು ಹೆಣ್ಣುಮಕ್ಕಳು. ಬೋರ್ಡೊಂದೇ ಇರಲಿಲ್ಲ.

ಪೇಂಟರ್ ಸೋಮನಿಂಗ 'ನಿಂಬೆ ಉಪ್ಪಿನಕಾಯಿ' ಎಂದು ಬರೆದು ಕುಂಚ ತೊಳೆಯುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರ ಧೀರೇಂದ್ರರಾಯರು ಬಂದು ನಿಂತರು. ಉದ್ಯಮದ ಬಗ್ಗೆ ಎರಡು ದಿನದ ಶಿಬಿರ ಮುಗಿಸಿ ಬಂದಂದಿನಿಂದ ರಾಯರು ಮಿರ್ಚಿ ಭಜಿ ಕರಿಯುವವನನ್ನೂ ಬಿಡದೆ ಉಪದೇಶಿಸುತ್ತಿದ್ದರು.

"ಉಪ್ಪಿನಕಾಯಿ ಅಂತ ಬರಿಸಿದ್ರ ಸಾಯೂತನಾ ಉಪ್ಪಿನಕಾಯಿ ಮಾರಾವ ಆಗೇ ಉಳೀತಿ, ವಲ್ಲಭಾ. ಬೆಳಿಯೋ ಕಂಪನಿ ತನ್ನನ್ನ ಇಷ್ಟು ಸಣ್ಣದಾಗಿ ಹೇಳ್ಕೊಳ್ಳಂಗಿಲ್ಲ. ನಾಳೆ ಹಪ್ಪಳ ಮಾಡಬೇಕನಿಸಿದ್ರ?"

ಮಾತು ಸರಿಯೆನ್ನಿಸಿತು. ಸೋಮನಿಂಗ ಅಳಿಸಿ 'ಸ್ವಾದ ಸಂಸ್ಥೆ' ಎಂದು ಬರೆದ. ರಾಯರು ಅದನ್ನೂ ಒಪ್ಪಲಿಲ್ಲ. ನಾಳೆ ಊದಿನಕಡ್ಡಿ ಮಾಡಬೇಕನ್ನಿಸಿದರೆ ಅದನ್ನು ನೆಕ್ಕಲಾದೀತೇ ಎಂದು ಕೇಳಿದರು. ಕೊನೆಗೆ ಬೋರ್ಡಿನ ಮೇಲೆ 'ಶ್ರೀವಲ್ಲಭ ಸಮಗ್ರ ಜೀವನ ಸಮೃದ್ಧಿ ಸಂಸ್ಥೆ' ಎಂಬ ಅಕ್ಷರಗಳು ಸಂತೆಯ ದಿನದ ಟೆಂಪೋದೊಳಗಿನ ಮಂದಿಯಂತೆ ಒತ್ತೊತ್ತಾಗಿ ನಿಂತವು. ಈ ಕತೆ ಹೇಳುವ ತಾಳಿಕೋಟೆಯವರು ಬೋರ್ಡನ್ನು ಐದು ಸಲ ಬರೆಸುತ್ತಾರೆ. ಇಂಡಿಯವರು ಮೂರೇ ಸಲ. ಇಂಡಿಯವರದೇ ನಿಜವಿರಬೇಕು, ಬಣ್ಣ ಖರ್ಚಾದದ್ದು ಅವರ ಕಣ್ಣೆದುರಿಗೆ.

"ಒಳಗ ಏನ್ ಮಾಡ್ತಾರ ಅಂತ ಮಂದಿ ಕೇಳಿದ್ರ ಏನ್ ಹೇಳೂಣ್ರಿ?" ಎಂದ ಸೋಮನಿಂಗ. ಶ್ರೀವಲ್ಲಭನಿಗೆ ಸಿಟ್ಟು ನೆತ್ತಿಗೇರಿತು. ಇಡೀ ಊರು ತನ್ನನ್ನು 'ಉಪ್ಪಿನಕಾಯಿ ವಲ್ಲಭ' ಎಂದು ಕರೆಯುತ್ತಿದ್ದುದು ಅವನಿಗೆ ಅಂದು ಮೊದಲ ಬಾರಿಗೆ ಬೈಗುಳವಾಗಿ ಕೇಳಿಸಿತು.

ಸಮೃದ್ಧಿ ಸಂಸ್ಥೆಯೊಳಗೆ ಭರಣಿ, ಬುಟ್ಟಿ, ಒಗ್ಗರಣೆಯ ಘಾಟು ಶೋಭಿಸುವುದಿಲ್ಲವೆಂದು ರಾಯರು ತೀರ್ಪು ಕೊಟ್ಟರು. ಭರಣಿಗಳನ್ನು ರಸ್ತೆಯಾಚೆಯ ಬೇವಿನ ಗಿಡದ ಬುಡಕ್ಕೆ ಸಾಗಿಸಬೇಕಾಯಿತು. ಆದರೆ ಹಸಿಗೈ ತಾಗಿದರೆ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತದೆಂದು ರಂಗೂಬಾಯಿ, ಶ್ರೀವಲ್ಲಭ ಮತ್ತು ರಾಯರಿಬ್ಬರನ್ನೂ ಕೈ ಒಣಗುವವರೆಗೆ ಅಂಗೈ ಚಾಚಿಸಿ ಬಿಸಿಲಿಗೆ ನಿಲ್ಲಿಸಿದಳು. ಸಿಂದಗಿ ಬಸ್ಸಿಗೆ ಕಾಯುತ್ತಿದ್ದ ನಾಲ್ವರು, ಏನೋ ಹಂಚುತ್ತಿರಬೇಕೆಂದು ಹಿಂದೆಯೇ ಕೈಚಾಚಿ ಸಾಲು ಹಚ್ಚಿದರು. ಹಂಚುವುದೇನೂ ಇಲ್ಲವೆಂದು ತಿಳಿದ ಮೇಲೆ, ತಮ್ಮ ಪಾಲನ್ನು ಶ್ರೀವಲ್ಲಭನೇ ನುಂಗಿದವನಂತೆ ಅವನನ್ನು ದುರುಗುಟ್ಟಿ ನೋಡಿ ಹೋದರು.

ಅವಮಾನದಿಂದ ಕುದಿಯುತ್ತಲೇ ಶ್ರೀವಲ್ಲಭ ಹೆಣ್ಣುಮಕ್ಕಳಿಗೆ ಕಟ್ಟಪ್ಪಣೆ ಮಾಡಿದ: ಯಾರು ಕೇಳಿದರೂ ಈ ಶೆಡ್ಡಿನವರೆಂದು ಹೇಳಕೂಡದು. ರಂಗೂಬಾಯಿ ಅವನನ್ನೊಮ್ಮೆ ನೋಡಿದಳು. ಹೋಗಿ ಗಿಡದ ನೆರಳಿಗೆ ಕೂತಳು.

ಇಸ್ತ್ರಿ ಅಂಗಿ ತೊಟ್ಟು ಅಧಿಕಾರಿಯ ಜೀಪಿಗಾಗಿ ಕಾಯುತ್ತಿದ್ದವನೆದುರು, ಬಸ್ಸಿಳಿದ ಹೆಣ್ಣುಮಗಳೊಬ್ಬಳು ಬಂದು ನಿಂತಳು. ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಕೊಡೆ. ಬೋರ್ಡನ್ನು ಎರಡು ಸಲ ಓದಿ, ಇಲ್ಲೇ ಅಲ್ಲವೇ ಉಪ್ಪಿನಕಾಯಿ ಮಾಡುವುದು ಎಂದು ಕೇಳಿದಳು.

ಬೆಳಗಿನಿಂದ ಕಟ್ಟಿಟ್ಟ ಸಿಟ್ಟೆಲ್ಲ ಒಡೆಯಿತು. "ಬೋರ್ಡ್ ಓದಾಕ ಬರಂಗಿಲ್ಲೇನ್ರಿ ನಿಮಗ? ಇಲ್ಲಿ ಉಪ್ಪಿನಕಾಯಿ ಗಿಪ್ಪಿನಕಾಯಿ ಏನೂ ಆಗಂಗಿಲ್ಲ. ಬೇಕಂದ್ರ ಆ ಗಿಡದ ಬುಡಕ ಹೆಣ್ಮಕ್ಕಳು ಕುಂತಾರ, ಅವರನ್ನ ಕೇಳ್ರಿ."

ಅವಳು ಉಪಕಾರವಾಯಿತೆಂದು ಹೇಳಿ ಹೋದಳು.

ಐದಾದರೂ ಜೀಪು ಬರಲಿಲ್ಲ. ಬಂದವಳು ಅದೇ ಹೆಣ್ಣುಮಗಳು. ಜೊತೆಗೆ ರಂಗೂಬಾಯಿ, ನಜಮಾ. ತನ್ನ ಹೆಸರು ಗೌತಮಿಯೆಂದೂ ಬೆಳಿಗ್ಗೆ ಫೋನು ಮಾಡಿದ್ದ ಸಂಸ್ಥೆಯ ಅಧಿಕಾರಿಯೆಂದೂ ಅವಳು ಹೇಳಿದಾಗ ಶ್ರೀವಲ್ಲಭ ತಲೆಯೆತ್ತಿ ಬೋರ್ಡು ನೋಡಿದ. ಗಿಡದ ಕೆಳಗೆ ಅವಳು ಬುತ್ತಿ ಬಿಚ್ಚಿದಾಗ ನಜಮಾ ಉಪ್ಪಿನಕಾಯಿ ಬಡಿಸಿದ್ದಳಂತೆ; ನೀವು ಯಾರೆಂದು ಕೇಳಿದರೆ, ಒಣ ರೊಟ್ಟಿ ಗಂಟಲೊಳಗೆ ಇಳಿಸುವವರು ಎಂದಿದ್ದಳಂತೆ. ಅಷ್ಟು ಸ್ಪಷ್ಟವಾಗಿ ತಮ್ಮ ಕೆಲಸ ಹೇಳಿದವರನ್ನು ಗೌತಮಿ ಹಿಂದೆಲ್ಲೂ ಕಂಡಿರಲಿಲ್ಲ. ಗುತ್ತಿಗೆ ಈಗ ಆ ನಾಲ್ವರು ಹೆಣ್ಣುಮಕ್ಕಳ ಹೆಸರಿನಲ್ಲಿತ್ತು.

"ಕಂಪನಿ ನಂದ್ರಿ ಅದು," ಎಂದು ಶ್ರೀವಲ್ಲಭ ಕಿರುಚಿದ.

"ನಿಮ್ಮನ್ನ ಕೇಳೇ ಹೋಗೇನಲ್ರಿ ನಾ? ಇಲ್ಲಿ ಏನೂ ಆಗಂಗಿಲ್ಲ ಅಂದವ್ರು ನೀವ. ಇರ್ಲಿ, ದಾರಿ ತೋರಿಸೀರಿ, ಸಾಕ್ಷಿ ಸಹಿನೂ ನೀವ ಹಾಕ್ರಿ."

ಅನ್ಯಾಯವೆಂದು ಸಾರಿ ಹೇಳಲು ಅವನು ರಾಯರ ಕಡೆ ತಿರುಗಿದ. ರಾಯರು ಸಂಧ್ಯಾವಂದನೆಗೆ ಹೊತ್ತಾಯಿತೆಂದು ಆಗಲೇ ಓಣಿಯ ತಿರುವು ದಾಟಿದ್ದರು. ಮಾವಶಿಯ ಕಣ್ಣು ಕಾಗದದ ಮೇಲಿನಿಂದ ಕದಲಲಿಲ್ಲ. ಹಲ್ಲು ಕಚ್ಚಿ ಸಹಿ ಮಾಡಿದ. ಅದರ ಕೆಳಗೆ 'ಉದ್ಯೋಗ' ಎಂಬ ಸಣ್ಣ ಖಾನೆಯಿತ್ತು. ಪೆನ್ನು ಅಲ್ಲಿ ನಿಂತುಬಿಟ್ಟಿತು.

"ಭಾಳ ಇಚಾರ ಮಾಡಬ್ಯಾಡೋ ವಲ್ಲ್ಯಾ," ಎಂದಳು ರಂಗೂಬಾಯಿ. "ಮನಿಯಾಗ ಇರ್ತಾನ ಅಂತ ಬರಿ."