ಹದಿನಾಲ್ಕನೆಯ ಕಾಲಂ ಅವರ ಸನ್ನಿಧಾನಕ್ಕೆ

ಮಾನ್ಯರೇ,

ಮೊದಲಿಗೆ ನನ್ನ ಕೋಳಿಕಾಲಿನ ಅಕ್ಷರವನ್ನೂ ಕಾಗುಣಿತದ ತಪ್ಪುಗಳನ್ನೂ ತಾವು ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು. ನಾನು ಓದಿದ್ದು ಐದನೇ ತರಗತಿಯವರೆಗೆ, ಎದುರಿಗೆ ನಿಂತು ಮಾತನಾಡಲು ನಾಲಿಗೆ ಏಳುವುದಿಲ್ಲ, ಆದ್ದರಿಂದ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಸಾಬೂನು ಕಂಪನಿಯ ಪ್ಯಾಕಿಂಗ್ ವಿಭಾಗದ ಅರ್ಜಿಯಲ್ಲಿ, ತಂದೆಯ ಹೆಸರಿಗೂ ಸಹಿಗೂ ನಡುವೆ ತಾವು ವಿರಾಜಮಾನರಾಗಿದ್ದೀರಿ. ‘ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ? ಹೌದಾದರೆ ವಿವರಿಸಿ’ ಎಂದು ವಿಚಾರಿಸುತ್ತೀರಿ; ನನ್ನ ಬದುಕಿನ ಬಗ್ಗೆ ಇಷ್ಟು ಅಕ್ಕರೆಯಿಂದ ಕೇಳಿದವರು ಬೇರೆ ಯಾರೂ ಇಲ್ಲ. ವಿವರಿಸಲು ಬೆರಳುದ್ದದ ಒಂದು ಗೆರೆಯನ್ನೂ ದಯಪಾಲಿಸಿದ್ದೀರಿ. ಅಲ್ಲಿ ಹಿಡಿಸದ್ದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಾಲ್ಕು ವರ್ಷದ ಹಿಂದೆ ನಾನು ಪೋಸ್ಟರ್ ಅಂಟಿಸುವ ಕೆಲಸದಲ್ಲಿದ್ದೆ. ಒಂದು ಮಧ್ಯಾಹ್ನ ಮೇಸ್ತ್ರಿ ತೋರಿಸಿದ ಗೋಡೆಗೆ ಅಂಟು ಬಳಿದು ಹನ್ನೊಂದು ಪೋಸ್ಟರ್ ಅಂಟಿಸಿದೆ. ಹನ್ನೆರಡನೆಯದು ಕೈಯಲ್ಲಿರುವಾಗಲೇ ಪೊಲೀಸರು ಬಂದರು. ಅದು ಸರ್ಕಾರಿ ಗೋಡೆಯಂತೆ; ‘ಇಲ್ಲಿ ಅಂಟಿಸಬಾರದು’ ಎಂಬ ಬರಹವನ್ನು ನಾನು ಬ್ರಷ್ ಎಳೆಯುವ ಭರದಲ್ಲಿ ಮೂರನೆಯ ಪೋಸ್ಟರಿನ ಅಡಿಗೆ ಹಾಕಿಬಿಟ್ಟಿದ್ದೆ. ಮೇಸ್ತ್ರಿ ಅಷ್ಟರಲ್ಲಿ ಸೈಕಲ್ ಹತ್ತಿ ಮಾಯವಾಗಿದ್ದ. ತಪ್ಪೊಪ್ಪಿಕೊಂಡ ನನಗೆ ನ್ಯಾಯಾಧೀಶರು ದಂಡ ಹಾಕಿ, ಮೂರೇ ನಿಮಿಷದಲ್ಲಿ ನನ್ನನ್ನು ಮರೆತರು. ತಾವು ಇಂದಿಗೂ ಮರೆತಿಲ್ಲ. ಹೆತ್ತ ತಾಯಿಗೂ ಇಲ್ಲದ ನೆನಪಿನ ಶಕ್ತಿ ತಮ್ಮದು. ಅಂದಹಾಗೆ, ಆ ಪೋಸ್ಟರಿನಲ್ಲಿದ್ದದ್ದು ‘ಪ್ರಾಮಾಣಿಕ ಕೆಲಸಗಾರರು ಬೇಕಾಗಿದ್ದಾರೆ’ ಎಂಬ ತಮ್ಮದೇ ಕಂಪನಿಯ ಕರೆ.

ಈವರೆಗೆ ಮೂರು ಸಲ ‘ಹೌದು’ ಎಂದು ಬರೆದೆ. ಮೂರು ಸಲವೂ ಕಿಟಕಿಯ ಗುಮಾಸ್ತರು ಕಣ್ಣೆತ್ತದೆ, ‘ಕೇಸಿರೋರನ್ನ ತಗೊಳ್ಳಲ್ಲಪ್ಪ, ಮುಂದಿನವರು ಬನ್ನಿ’ ಎಂದರು. ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗುವ ನನಗೆ ಈ ಕೆಲಸ ಸಿಕ್ಕರೆ ಸ್ವಂತದ್ದೊಂದು ಕೋಣೆ. ಅಕ್ಕ, ‘ಇಲ್ಲ ಅಂತ ಗೀಚಿ ಬಾರೋ, ನೀನೇನು ಬ್ಯಾಂಕ್ ದೋಚಿದ್ದೀಯಾ? ದಿನಾ ನಿನ್ನ ಕಾಲು ದಾಟ್ಕೊಂಡು ಒಲೆ ಹಚ್ಚಿ ನಂಗೂ ಸಾಕಾಗಿದೆ’ ಎನ್ನುತ್ತಾಳೆ. ಆದರೆ ಸುಳ್ಳು ಬರೆದವರನ್ನು ಯಾವಾಗ ಬೇಕಾದರೂ ತೆಗೆದುಹಾಕಲಾಗುವುದೆಂದು ತಮ್ಮ ಪಾದದಡಿಯಲ್ಲೇ ಸಣ್ಣಕ್ಷರದಲ್ಲಿದೆ. ನಿಜ ಹೇಳಿದವನು ಒಳಗೆ ಬರುವಂತಿಲ್ಲ, ಸುಳ್ಳು ಹೇಳಿದವನು ಒಳಗೆ ನಿಲ್ಲುವಂತಿಲ್ಲ. ಇಂಥ ಅಚ್ಚುಕಟ್ಟಾದ ಏರ್ಪಾಡನ್ನು ನಾನು ಎಲ್ಲೂ ಕಂಡಿಲ್ಲ.

ಕೈಮುಗಿದು ಬೇಡುವುದಿಷ್ಟೆ: ತಾವು ಒಂದು ಗೇಣು ಉದ್ದವಾಗಬೇಕು. ಅದಾಗದಿದ್ದರೆ ‘ಯಾರು ಮಾಡಿಸಿದರು?’ ಎಂದು ಕೇಳುವ ಹದಿನೈದನೆಯ ಕಾಲಂ ಒಂದನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಅದೂ ಆಗದಿದ್ದರೆ ಕೆಲಸವನ್ನು ಆ ಗೋಡೆಗೇ ಕೊಡಿಸಿ. ಅದರ ಮೇಲೆ ಯಾವ ಕೇಸೂ ಇಲ್ಲ.

ತಮ್ಮ ವಿಶ್ವಾಸಿ,
ನಾಲ್ಕನೆಯ ಅರ್ಜಿಯಲ್ಲೂ ‘ಹೌದು’ ಎಂದೇ ಬರೆದವನು

ವಿ.ಸೂ.: ಇಂದು ಬೆಳಿಗ್ಗೆ ಆ ಅರ್ಜಿ ಹಾಕಲು ಬಂದಾಗ ತಮ್ಮ ಗೇಟಿನ ಕಾವಲುಗಾರರು, ‘ತಮ್ಮಾ, ಇದನ್ನ ಸ್ವಲ್ಪ ಹಿಡ್ಕೊಂಡಿರು, ಟೀ ಕುಡ್ದು ಬಂದ್ಬಿಡ್ತೀನಿ’ ಎಂದು ಉಗ್ರಾಣದ ಬೀಗದ ಕೈಗಳ ಗೊಂಚಲನ್ನು ನನ್ನ ಕೈಗಿತ್ತು ಹೋದರು. ಕಾಲು ಗಂಟೆ ಹಿಡಿದು ನಿಂತಿದ್ದು, ಅವರು ಬಂದ ಮೇಲೆ ಒಪ್ಪಿಸಿದೆ. ಉಗ್ರಾಣದ ಸಾಬೂನಿನ ಲೆಕ್ಕ ಸರಿಯಾಗಿದೆಯೇ ಎಂದು ಒಮ್ಮೆ ನೋಡಿಸಿಕೊಳ್ಳಬೇಕಾಗಿ ವಿನಂತಿ.