ಕಿವಿಯ ಕಲ್ಲು

ತೊಂದರೆ ಶುರುವಾದದ್ದು ಅಂಗಿ ಗುಂಡಿಗಿಂತ ಸಣ್ಣದಾದ ಒಂದು ಕಲ್ಲಿನಿಂದ.

ಆಳ ಸಮುದ್ರದ ಕೆಂಪು ಮೀನಿನ ಕಿವಿಯೊಳಗಿನ ಕಲ್ಲು ಅದು. ಸೀಳಿ ನೋಡಿದರೆ ಮರದ ಕಾಂಡದ ಹಾಗೆ ವರ್ಷಕ್ಕೊಂದು ಉಂಗುರ. ಮೀನುಗಳ ವಯಸ್ಸು ಗೊತ್ತಾದರೆ ಕಡಲಲ್ಲಿ ಅವು ಎಷ್ಟು ಉಳಿದಾವು, ಎಷ್ಟು ಹಿಡಿಯಬಹುದು ಎಂಬ ಲೆಕ್ಕ ಸಿಗುತ್ತದೆ. ಆದರೆ ಒಂದೇ ಕಲ್ಲನ್ನು ಇಬ್ಬರು ಬೇರೆಬೇರೆಯಾಗಿ ಎಣಿಸಬೇಕು. ಒಬ್ಬರ ಸಂಖ್ಯೆ ಇನ್ನೊಬ್ಬರ ಕಿವಿಗೆ ಬಿತ್ತೋ, ಕಲ್ಲು ಕಸದ ಬುಟ್ಟಿಗೆ.

ಎಣಿಸುವ ಹುಡುಗಿಗೆ ಪ್ರಯೋಗಾಲಯದವರು ಇಟ್ಟ ಹೆಸರು ಮೌನಿ. ಎರಡು ವರ್ಷದಿಂದ ಸತ್ತ ಮೀನಿನ ಕಿವಿಯನ್ನೇ ನೋಡುತ್ತ ಕೂತವಳಿಗೆ ಇದ್ದದ್ದು ಒಂದೇ ಆಸೆ: ಸಮೀಕ್ಷೆಗೆ ಹೊರಟಿದ್ದ ಹಡಗಿನಲ್ಲಿ ಖಾಲಿಯಿದ್ದ ಒಂದು ಜಾಗ.

"ಈ ದೊಡ್ಡ ಮೀನಿನ ಲೆಕ್ಕ ನನ್ನದಕ್ಕೆ ಹೊಂದ್ಲಿ, ಆಮೇಲೆ ನೋಡೋಣಮ್ಮ" ಎಂದಿದ್ದರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ. ತಮ್ಮ ಎಣಿಕೆಯನ್ನು ಅವರು ಬೆಳಿಗ್ಗೆಯೇ ಮುಗಿಸಿದ್ದರು. ಅದನ್ನು ಅವರ ಹೆಗಲ ಹಿಂದಿನಿಂದ ಇಣುಕಿ ನೋಡಿದವನು ಪಕ್ಕದ ಮೇಜಿನ ಅಂದಾಜಪ್ಪ. ಅವನ ಲೆಕ್ಕ ಇದುವರೆಗೆ ಯಾರ ಲೆಕ್ಕಕ್ಕೂ ಹೊಂದಿರಲಿಲ್ಲ. ಹೆಸರು ಬಂದದ್ದೇ ಹಾಗೆ.

"ಮೌನಿ, ನಿನ್ನ ಒಳ್ಳೇದಕ್ಕೇ ಹೇಳ್ತೀನಿ, ಮೇಡಂ ಬರೆದಿರೋದು..."

"ಅಯ್ಯೋ, ಬೇಡಿ ಸಾರ್!" ಮೌನಿ ಎರಡೂ ಕಿವಿಗೆ ಹತ್ತಿ ತುರುಕಿಕೊಂಡಳು.

ಅಂದಾಜಪ್ಪ ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. ಬೆರಳು ಮಡಚಿ ತೋರಿಸತೊಡಗಿದ. ಮೌನಿ ಕಣ್ಣು ಮುಚ್ಚಿ ಎದ್ದು ನಡೆದಳು. ನೇರವಾಗಿ ಬಕೆಟ್ಟಿನೊಳಗೆ ಕಾಲಿಟ್ಟಳು. ಸದ್ದಿಗೆ ಟೈಪಿಸ್ಟ್ ಅಕ್ಕ ಓಡಿಬಂದಳು. ಅಷ್ಟರಲ್ಲಾಗಲೇ ಅಂದಾಜಪ್ಪ ಅವಳಿಗೂ ಸಂಖ್ಯೆ ಹಂಚಿಯಾಗಿತ್ತು. ಅಕ್ಕನ ಗಂಟಲಿಗೆ ಹತ್ತಿ ಯಾವ ಲೆಕ್ಕ!

"ಒಂದು ಸಂಖ್ಯೆ ಕೇಳಿಸ್ಕೊಂಡ್ರೆ ನಿನ್ನ ಕಿವಿ ಉದುರಿ ಹೋಗುತ್ತೇನೇ?"

"ಕಲ್ಲು ಹೋಗುತ್ತೆ ಅಕ್ಕಾ!"

"ಸರಿ, ನಿನಗೆ ಹೇಳಲ್ಲ. ಗೋಡೆಗೆ ಹೇಳ್ತೀನಿ. ಗೋಡೇ, ಗೋಡೇ..."

ಮೌನಿ ಕಲ್ಲಿನ ಸಮೇತ ಸೂಕ್ಷ್ಮದರ್ಶಕವನ್ನು ಕೂಸಿನ ಹಾಗೆ ಅವುಚಿಕೊಂಡು ಓಡಿದವಳೇ ಮೀನಿಡುವ ಶೀತಲ ಕೋಣೆ ಹೊಕ್ಕು ಚಿಲಕ ಹಾಕಿಕೊಂಡಳು. ಹಲ್ಲು ಕಟಕಟ ಎನ್ನುತ್ತಿತ್ತು. ಉಸಿರು ಬಿಟ್ಟರೆ ಮಸೂರಕ್ಕೆ ಮಂಜು. ಒರೆಸಿ ಮತ್ತೆ ಮೊದಲಿನಿಂದ ಎಣಿಕೆ. ಕೊನೆಗೆ ಸಿಕ್ಕಿತು: ಎಂಬತ್ತಮೂರು! ಪೆಟ್ಟಿಗೆಯಲ್ಲಿ ಮಲಗಿದ್ದ ಮೀನಿನ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ ಅಜ್ಜಿ" ಎಂದಳು.

ಸಂಜೆ ಮೇಡಂ ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟರು. ಎಂಬತ್ತಮೂರು, ಎಂಬತ್ತಮೂರು.

"ಮೊದಲ ಮೊಟ್ಟೆಗೇ ಮೂವತ್ತು ವರ್ಷ ಕಾಯೋ ಮೀನಮ್ಮ ಇದು. ಇದೊಂದು ಬಿಟ್ರೆ ಈಗ ಬಲೆಗೆ ಬೀಳ್ತಿರೋದೆಲ್ಲ ಬರೀ ಮಕ್ಕಳು. ಹಿಡಿಯೋದು ಕಡಿಮೆ ಮಾಡಿ ಅಂತ ಇನ್ನು ಧೈರ್ಯವಾಗಿ ಬರೀಬಹುದು. ಎಂಥ ಕಣ್ಣು ನಿಂದು!"

ಅಂದಾಜಪ್ಪ ತಲೆ ಕೆರೆದುಕೊಂಡ. ಬೆಳಿಗ್ಗೆಯಿಂದ ಅವನು ಎಲ್ಲರಿಗೂ ಹಂಚಿದ್ದು ಮೂವತ್ತೆಂಟು.

"ಹಾಗಾದ್ರೆ... ಹಡಗು ಮೇಡಂ?" ಮೌನಿ ಕಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡಳು.

"ಹಡಗಾ? ಬಲೆ ಎಳೆಯೋಕೆ ಯಾರಾದ್ರೂ ಆಗ್ತಾರೆ. ಲೆಕ್ಕ ಹೊಂದದವರನ್ನ ಇಲ್ಲಿಟ್ಕೊಂಡು ನಾನೇನು ಮಾಡ್ಲಿ? ನಮ್ಮ ಅಂದಾಜಪ್ಪ ಹೋಗಿಬರ್ಲಿ. ಅವರು ತರೋ ಸಾವಿರಾರು ಕಲ್ಲು ಎಣಿಸೋಕೆ ನೀನೇ ಬೇಕಲ್ಲ!"

ಮೇಡಂ ಹೊರಟ ಮೇಲೆ ಅಂದಾಜಪ್ಪ ಮೆಲ್ಲಗೆ ಹತ್ತಿರ ಬಂದ.

"ನೋಡು ಮೌನಿ, ಬೆಳಿಗ್ಗೆ ನನ್ನ ಮಾತು ಕೇಳಿದ್ದಿದ್ರೆ ಹಡಗಿಗೆ ನೀನೇ ಹೋಗ್ತಿದ್ದೆ."

ಮೌನಿ ಜೇಬಿನಿಂದ ಹತ್ತಿ ತೆಗೆದು ಮತ್ತೆ ಕಿವಿಗೆ ತುರುಕಿಕೊಂಡಳು.